ಡಿಗ್ರಿ ಮೊದಲ ವರ್ಷದ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ: ಕೊಡಗಿನ ಮಕ್ಕಳು ಎಲ್ಲಿಂದ ಶುರು ಮಾಡಬೇಕು?

ಪ್ರತಿ ವರ್ಷ ಅಡ್ಮಿಷನ್ ಮುಗಿದ ಮೇಲೆ ಇದೇ ಪ್ರಶ್ನೆ ಬರುತ್ತದೆ. ಪಿಯುಸಿಯಲ್ಲಿ ಗಣಿತ ಇರಲಿಲ್ಲ, ಈಗ ಡಿಗ್ರಿಯಲ್ಲಿ ಅರ್ಥಶಾಸ್ತ್ರ ತಗೊಂಡಿದ್ದೇನೆ, ಜೊತೆಗೆ ಸಂಖ್ಯಾಶಾಸ್ತ್ರದ ಪೇಪರೂ ಇದೆ, ನನ್ನ ಕೈಲಾಗುತ್ತಾ? ಮಡಿಕೇರಿಯಿಂದ ಒಬ್ಬರು ಕೇಳುತ್ತಾರೆ, ಶನಿವಾರಸಂತೆಯಿಂದ ಇನ್ನೊಬ್ಬರು. ಕೆಲವೊಮ್ಮೆ ಅಪ್ಪ ಅಮ್ಮನೇ ಕೇಳುತ್ತಾರೆ. ಆಗುತ್ತದೆ. ಆದರೆ ಹೆಚ್ಚಿನವರು ಓದುವ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಸೂತ್ರ ಉರು ಹೊಡೆಯುತ್ತಾರೆ, ಆಮೇಲೆ ಲೆಕ್ಕ ಮಾಡುತ್ತಾರೆ, ಆ ಸೂತ್ರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ಕೊನೆವರೆಗೂ ಕೇಳಿಕೊಳ್ಳುವುದೇ ಇಲ್ಲ. ಈ ಲೇಖನದಲ್ಲಿ ಅದೇ ಕ್ರಮವನ್ನು ತಿರುಗಿಸಿ ಹೇಳುತ್ತೇನೆ. ಪ್ರಶ್ನೆ ಮೊದಲು, ಐದಾರು ಸಂಖ್ಯೆ ಇಟ್ಟುಕೊಂಡು ಕೈಯಲ್ಲಿ ಲೆಕ್ಕ ಆಮೇಲೆ, ಸೂತ್ರ ಕೊನೆಗೆ.

ಬೇಕಾಗುವ ಸಾಮಾನು ತುಂಬಾ ಕಡಿಮೆ. ಒಂದು ಸಾದಾ ಸೈಂಟಿಫಿಕ್ ಕ್ಯಾಲ್ಕುಲೇಟರ್, ಒಂದು ಗ್ರಾಫ್ ಪುಸ್ತಕ, ಎರಡು ನೋಟ್‌ಬುಕ್. ಯಾವ ಮಾಡೆಲ್ ಕ್ಯಾಲ್ಕುಲೇಟರ್ ಪರೀಕ್ಷೆಗೆ ಬಿಡುತ್ತಾರೆ ಎಂದು ಕಾಲೇಜಿನಲ್ಲಿ ಕೇಳಿಯೇ ಕೊಂಡುಕೊಳ್ಳಿ. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮೊದಲ ವರ್ಷ ನಡೆಯುತ್ತದೆ.

1. ಸಿಲಬಸ್ ಕೈಗೆ ತಗೊಳ್ಳಿ

ಸೀನಿಯರ್ ಕೊಟ್ಟ ನೋಟ್ಸ್ ಅಲ್ಲ, ನಿಮ್ಮ ಬ್ಯಾಚಿನ ಸಿಲಬಸ್. ಕರ್ನಾಟಕದಲ್ಲಿ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದ್ಧತಿಗೆ ಬಂದಿದ್ದೇವೆ. ಹಾಗಾಗಿ ಹಳೆಯ ಬ್ಯಾಚಿನವರ ನೋಟ್ಸ್‌ನಲ್ಲಿ ಇರುವ ಪಾಠ ನಿಮಗೆ ಇಲ್ಲದೇ ಇರಬಹುದು, ನಿಮಗೆ ಇರುವುದು ಅದರಲ್ಲಿ ಇಲ್ಲದೇ ಇರಬಹುದು. ಸಿಲಬಸ್ಸಿನ ಒಂದು ಪ್ರಿಂಟ್ ತೆಗೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ. ಪಾಠ ಮುಗಿದ ಹಾಗೆ ಟಿಕ್ ಹಾಕುತ್ತಾ ಹೋಗಿ.

2. ಬೇಕಾದಷ್ಟೇ ಗಣಿತ

ಗಣಿತ ಅಂದ ತಕ್ಷಣ ಹೆದರಬೇಡಿ. ಮೊದಲ ವರ್ಷಕ್ಕೆ ಬೇಕಾದ ಬಹುಪಾಲು ಲೆಕ್ಕ ಎಂಟು, ಒಂಬತ್ತನೇ ಕ್ಲಾಸಿನದು. ಶೇಕಡಾ, ಭಿನ್ನರಾಶಿ, ಮೈನಸ್ ಸಂಖ್ಯೆ, ವರ್ಗಮೂಲ, ಗ್ರಾಫಿನಲ್ಲಿ ಗೆರೆ ಎಷ್ಟು ಓರೆಯಾಗಿದೆ ಎಂದು ನೋಡುವುದು. ಇದಿಷ್ಟಕ್ಕೆ ಎರಡು ವಾರ, ದಿನಕ್ಕೆ ಅರ್ಧ ಗಂಟೆ ಕೊಡಿ. ಖಾನ್ ಅಕಾಡೆಮಿಯ ಶಾಲಾ ಗಣಿತದ ಪಾಠಗಳು ಕನ್ನಡದಲ್ಲಿಯೇ ಇವೆ, ದುಡ್ಡು ಕೊಡಬೇಕಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಎರಡು. ಕಾಳುಮೆಣಸಿನ ಬೆಲೆ 200 ಇದ್ದದ್ದು ಶೇ. 50 ಇಳಿಯಿತು, ಮರುವರ್ಷ ಶೇ. 50 ಏರಿತು ಅಂದುಕೊಳ್ಳಿ. ಮೊದಲಿನ ಬೆಲೆಗೆ ಬಂತಾ? ಇಲ್ಲ. 200 ಇಳಿದು 100 ಆಯಿತು, 100ರ ಅರ್ಧ ಸೇರಿ 150 ಆಯಿತು. ಶೇಕಡಾ ಎಂದಾಗೆಲ್ಲ "ಯಾವುದರ ಶೇಕಡಾ" ಅಂತ ಕೇಳಿ. ಎರಡನೆಯದು, ಬ್ಯಾಂಕಿನ ಬಡ್ಡಿ ಶೇ. 4ರಿಂದ ಶೇ. 6 ಆದರೆ ಅದು ಶೇ. 2ರಷ್ಟು ಏರಿಕೆ ಅಲ್ಲ. ಎರಡು ಶೇಕಡಾ ಅಂಶ (ಪರ್ಸೆಂಟೇಜ್ ಪಾಯಿಂಟ್) ಏರಿದೆ, ಮೊದಲಿದ್ದ ಬಡ್ಡಿಗೆ ಹೋಲಿಸಿದರೆ ಶೇ. 50 ಏರಿದೆ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದು ಮಾರ್ಕ್ಸ್ ಕಳೆದುಕೊಳ್ಳುವವರು ತುಂಬಾ ಜನ.

3. ಎರಡು ಭಾಷೆಯ ಪದಪಟ್ಟಿ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪಾಠಕ್ಕಿಂತ ಪದಗಳೇ ಜಾಸ್ತಿ ಕಷ್ಟ. ಒಂದು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಮೂರು ಕಾಲಂ ಹಾಕಿ: ಕನ್ನಡ ಪದ, ಇಂಗ್ಲಿಷ್ ಪದ, ನಿಮ್ಮ ಸ್ವಂತ ಮಾತಿನಲ್ಲಿ ಒಂದು ಸಾಲಿನ ಅರ್ಥ. ಬೇಡಿಕೆ ಅಂದರೆ ಡಿಮ್ಯಾಂಡ್, ಪೂರೈಕೆ ಅಂದರೆ ಸಪ್ಲೈ, ಸೀಮಾಂತ ಅಂದರೆ ಮಾರ್ಜಿನಲ್, ಮಧ್ಯಾಂಕ ಅಂದರೆ ಮೀಡಿಯನ್, ಬಹುಲಕ ಅಂದರೆ ಮೋಡ್, ಮಾನಕ ವಿಚಲನೆ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸಹಸಂಬಂಧ ಅಂದರೆ ಕೋರಿಲೇಷನ್. ಮೂರನೇ ಕಾಲಂ ಖಾಲಿ ಬಿಡಬೇಡಿ. ಪದ ಗೊತ್ತಿದ್ದು ಅರ್ಥ ಸ್ವಂತ ಮಾತಿನಲ್ಲಿ ಬರೆಯಲಾಗದಿದ್ದರೆ ಆ ಪಾಠ ಇನ್ನೂ ತಲೆಗೆ ಹೋಗಿಲ್ಲ ಎಂದೇ ಲೆಕ್ಕ.

4. ಸಂಖ್ಯಾಶಾಸ್ತ್ರ: ಐದು ಸಂಖ್ಯೆ ಸಾಕು

ಕಾಫಿ ಕೊಯ್ಲಿನ ಸಮಯ ಎಂದುಕೊಳ್ಳಿ. ಒಂದು ತೋಟದಲ್ಲಿ ಐದು ಜನ ಒಂದು ದಿನ ಕುಯ್ದ ಹಣ್ಣು, ಕಿಲೋ ಲೆಕ್ಕದಲ್ಲಿ: 40, 50, 55, 60, 95. ಇದು ಅಭ್ಯಾಸಕ್ಕೆ ನಾನು ಹಾಕಿದ ಸಂಖ್ಯೆ.

ಮೊದಲ ಪ್ರಶ್ನೆ, ಇಲ್ಲಿ ಒಬ್ಬರು ಸಾಮಾನ್ಯವಾಗಿ ಎಷ್ಟು ಕುಯ್ಯುತ್ತಾರೆ? ಒಟ್ಟು 300, ಐದರಿಂದ ಭಾಗಿಸಿದರೆ ಸರಾಸರಿ 60. ಆದರೆ ಐದರಲ್ಲಿ ಮೂರು ಜನ 60ಕ್ಕಿಂತ ಕಡಿಮೆ ಕುಯ್ದಿದ್ದಾರೆ, ನೋಡಿ. 95 ಕಿಲೋ ಕುಯ್ದ ಒಬ್ಬರು ಸರಾಸರಿಯನ್ನು ಮೇಲಕ್ಕೆ ಎಳೆದಿದ್ದಾರೆ. ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ ನಟ್ಟನಡುವಿನದು ತಗೊಂಡರೆ ಅದು ಮಧ್ಯಾಂಕ, ಇಲ್ಲಿ 55. ಆ 95ರ ಬದಲು 195 ಇದ್ದರೂ ಮಧ್ಯಾಂಕ 55 ಆಗಿಯೇ ಇರುತ್ತದೆ, ಸರಾಸರಿ ಮಾತ್ರ 80ಕ್ಕೆ ಹಾರುತ್ತದೆ. ಹಾಗಾಗಿ ಆದಾಯ, ಜಮೀನು ಇಂಥ ವಿಷಯದಲ್ಲಿ, ಅಂದರೆ ಕೆಲವರ ಹತ್ತಿರ ತುಂಬಾ ಜಾಸ್ತಿ ಇರುವ ಕಡೆ, ಮಧ್ಯಾಂಕವನ್ನೂ ಕೇಳಬೇಕು. ಸಾವಿರ ಎಕರೆಯ ಎಸ್ಟೇಟ್ ಒಂದು ಇರುವ ಊರಿನಲ್ಲಿ "ಸರಾಸರಿ ಜಮೀನು ಇಷ್ಟು" ಅಂದರೆ ಎರಡೆಕರೆಯ ರೈತನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ.

ಎರಡನೇ ಪ್ರಶ್ನೆ, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಎಷ್ಟಿದೆ? ಇದಕ್ಕೆ ಉತ್ತರವೇ ಮಾನಕ ವಿಚಲನೆ. ಪ್ರತಿ ಸಂಖ್ಯೆಯಿಂದ 60 ಕಳೆಯಿರಿ: ಮೈನಸ್ 20, ಮೈನಸ್ 10, ಮೈನಸ್ 5, ಸೊನ್ನೆ, 35. ಇವನ್ನು ಹಾಗೇ ಕೂಡಿಸಿದರೆ ಯಾವಾಗಲೂ ಸೊನ್ನೆಯೇ ಬರುತ್ತದೆ, ಅದಕ್ಕೇ ವರ್ಗ ಮಾಡುವುದು. 400, 100, 25, 0, 1225. ಒಟ್ಟು 1750. ಐದರಿಂದ ಭಾಗಿಸಿದರೆ 350, ವರ್ಗಮೂಲ ಸುಮಾರು 18.7 ಕಿಲೋ.

ಈಗ ಜಾಗ್ರತೆ. ಈ ಐದು ಜನ ಮಾತ್ರವೇ ನಿಮ್ಮ ವಿಷಯವಾದರೆ ಐದರಿಂದ ಭಾಗಿಸಿ. ಐವತ್ತು ಜನರಲ್ಲಿ ಐದು ಜನರನ್ನು ಮಾದರಿಯಾಗಿ ತಗೊಂಡು ಐವತ್ತು ಜನರ ಬಗ್ಗೆ ಅಂದಾಜು ಮಾಡುವುದಾದರೆ ಒಂದು ಕಡಿಮೆ ಮಾಡಿ ನಾಲ್ಕರಿಂದ ಭಾಗಿಸಬೇಕು. ಆಗ 437.5, ವರ್ಗಮೂಲ ಸುಮಾರು 20.9. ಯಾಕೆ ಒಂದು ಕಡಿಮೆ? ನೀವು ವ್ಯತ್ಯಾಸ ಅಳೆದದ್ದು ಆ ಐದೇ ಜನರ ಸರಾಸರಿಯಿಂದ. ಆ ಸರಾಸರಿ ಸಹಜವಾಗಿ ಅವರಿಗೇ ಹತ್ತಿರ ಇರುತ್ತದೆ, ಹಾಗಾಗಿ ವ್ಯತ್ಯಾಸ ನಿಜಕ್ಕಿಂತ ಸ್ವಲ್ಪ ಕಡಿಮೆ ಕಾಣಿಸುತ್ತದೆ. ಅದನ್ನು ಸರಿದೂಗಿಸಲು ಈ ತಿದ್ದುಪಡಿ. ಕ್ಯಾಲ್ಕುಲೇಟರಿನಲ್ಲೂ ಎಕ್ಸೆಲ್‌ನಲ್ಲೂ ಇವೆರಡಕ್ಕೂ ಬೇರೆ ಬೇರೆ ಬಟನ್, ಬೇರೆ ಫಾರ್ಮುಲಾ ಇದೆ. ಎಕ್ಸೆಲ್ ಫಾರ್ಮುಲಾದ ಹೆಸರು ಎಸ್ ಅಕ್ಷರದಲ್ಲಿ ಮುಗಿದರೆ ಮಾದರಿಗೆ, ಪಿ ಅಕ್ಷರದಲ್ಲಿ ಮುಗಿದರೆ ಇಡೀ ಗುಂಪಿಗೆ. ಈ ಐದು ಸಂಖ್ಯೆಯನ್ನು ಹಾಕಿ ನೋಡಿ, 18.7 ಬಂತಾ 20.9 ಬಂತಾ ಅನ್ನುವುದರಲ್ಲೇ ನಿಮ್ಮ ಮೆಷಿನ್ ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ವಿಚಲನೆಗೆ ಘಟಕ ಬರೆಯದೇ ಬಿಡಬೇಡಿ. ಹಣ್ಣನ್ನು ಕಿಲೋದಲ್ಲಿ ಅಳೆದಿದ್ದರೆ ಮಾನಕ ವಿಚಲನೆಯೂ ಕಿಲೋದಲ್ಲೇ.

5. ಅರ್ಥಶಾಸ್ತ್ರ: ಮೂರು ವಿಚಾರ ಗಟ್ಟಿ ಮಾಡಿಕೊಳ್ಳಿ

ಮೊದಲ ಸೆಮಿಸ್ಟರಿನಲ್ಲಿ ಪಾಠ ಎಷ್ಟೇ ಇರಲಿ, ಈ ಮೂರು ಗಟ್ಟಿಯಾದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ.

ಒಂದು, ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಅತ್ಯುತ್ತಮ ಬೇರೆ ದಾರಿಯ ಬೆಲೆ. ಬೆಲೆ ಏರಲಿ ಎಂದು ಒಂದು ಲಕ್ಷ ರೂಪಾಯಿಯ ಕಾಫಿಯನ್ನು ಮನೆಯ ಗೋಡೌನಿನಲ್ಲೇ ಆರು ತಿಂಗಳು ಇಟ್ಟರೆ ಖರ್ಚೇ ಇಲ್ಲ ಅನಿಸುತ್ತದೆ, ಅಲ್ವಾ? ಅದನ್ನು ಮಾರಿ ದುಡ್ಡನ್ನು ವರ್ಷಕ್ಕೆ ಶೇ. 6 ಬಡ್ಡಿಗೆ ಇಟ್ಟಿದ್ದರೆ ಮೂರು ಸಾವಿರ ಬರುತ್ತಿತ್ತು. ಆ ಮೂರು ಸಾವಿರವೇ ಕಾಯುವುದರ ಅವಕಾಶ ವೆಚ್ಚ. ಇಲ್ಲಿನ ಸಾಮಾನ್ಯ ತಪ್ಪು ಏನೆಂದರೆ ಕೈಬಿಟ್ಟ ಎಲ್ಲ ದಾರಿಗಳನ್ನೂ ಕೂಡಿಸಿಬಿಡುವುದು. ಹಾಗಲ್ಲ. ಒಂದೇ ದುಡ್ಡನ್ನು ಒಂದೇ ಕಡೆ ಹಾಕಬಹುದು, ಹಾಗಾಗಿ ಅವುಗಳಲ್ಲಿ ಅತ್ಯುತ್ತಮವಾದದ್ದು ಒಂದೇ ಲೆಕ್ಕಕ್ಕೆ.

ಎರಡು, ಸೀಮಾಂತ. ಅಂದರೆ "ಇನ್ನೊಂದು ಸೇರಿಸಿದರೆ ಏನಾಗುತ್ತದೆ". ಮೇಲಿನ ಐದು ಜನ 300 ಕಿಲೋ ಕುಯ್ದರು. ಆರನೆಯವರು ಬಂದ ಮೇಲೆ ಒಟ್ಟು 340 ಆಯಿತು ಅಂದುಕೊಳ್ಳಿ. ಸರಾಸರಿ 60ರಿಂದ ಸುಮಾರು 56.7ಕ್ಕೆ ಇಳಿಯಿತು. ಆದರೆ ಆರನೆಯವರನ್ನು ಕರೆಯಬೇಕಾ ಬೇಡವಾ ಎನ್ನುವುದಕ್ಕೆ ಸರಾಸರಿ ನೋಡಿದರೆ ಉತ್ತರ ಸಿಗುವುದಿಲ್ಲ. ಅವರಿಂದ ಹೆಚ್ಚಾದ 40 ಕಿಲೋ ಹಣ್ಣಿನ ಬೆಲೆ ಅವರ ಕೂಲಿಗಿಂತ ಜಾಸ್ತಿ ಇದೆಯಾ ಎಂದು ನೋಡಬೇಕು. ಸರಾಸರಿಗೂ ಸೀಮಾಂತಕ್ಕೂ ಗೊಂದಲ ಮಾಡಿಕೊಂಡರೆ ವೆಚ್ಚದ ಪಾಠ, ಉತ್ಪಾದನೆಯ ಪಾಠ ಎರಡೂ ಕೈತಪ್ಪಿ ಹೋಗುತ್ತವೆ. ಆದ್ದರಿಂದ ಈ ಉದಾಹರಣೆಯನ್ನು ಒಂದು ಪಟ್ಟಿ ಮಾಡಿ, ಏಳನೆಯವರು, ಎಂಟನೆಯವರು ಎಂದು ನೀವೇ ಮುಂದುವರಿಸಿ.

ಮೂರು, ಗೆರೆಯ ಮೇಲಿನ ಚಲನೆ ಬೇರೆ, ಗೆರೆಯೇ ಸರಿಯುವುದು ಬೇರೆ. ಗೆರೆ ಅಂದರೆ ಯಾವ ಬೆಲೆಗೆ ಎಷ್ಟು ಮಾರುತ್ತಾರೆ, ಎಷ್ಟು ಕೊಳ್ಳುತ್ತಾರೆ ಎಂದು ಗ್ರಾಫಿನಲ್ಲಿ ತೋರಿಸುವ ಪೂರೈಕೆ, ಬೇಡಿಕೆಯ ಗೆರೆ. ಅತಿ ಹೆಚ್ಚು ಜನ ತಪ್ಪು ಮಾಡುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ. ಕಾಫಿ ಬೆಲೆ ಏರಿತು ಎಂದು ಗೋಡೌನಿನಲ್ಲಿದ್ದ ಚೀಲಗಳನ್ನು ಬೆಳೆಗಾರರು ಮಾರಾಟಕ್ಕೆ ತೆಗೆದರೆ ಅದು ಪೂರೈಕೆ ಗೆರೆಯ ಮೇಲೆಯೇ ಮುಂದೆ ಹೋದದ್ದು. ಬೆಲೆ ಬದಲಾದದ್ದರಿಂದ ಪ್ರಮಾಣ ಬದಲಾಯಿತು, ಅಷ್ಟೇ. ಆದರೆ ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟು ಫಸಲೇ ಕಡಿಮೆಯಾದರೆ ಎಲ್ಲ ಬೆಲೆಯಲ್ಲೂ ಮಾರಲು ಇರುವ ಕಾಫಿಯೇ ಕಡಿಮೆ. ಆಗ ಇಡೀ ಗೆರೆ ಎಡಕ್ಕೆ ಸರಿಯುತ್ತದೆ.

2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅರೇಬಿಕಾ ಗಿಡಗಳು ಸುಟ್ಟುಹೋದವು. ಬ್ರೆಜಿಲ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ, ಹಾಗಾಗಿ ಜಗತ್ತಿನ ಮಾರುಕಟ್ಟೆಯಲ್ಲಿ ಪೂರೈಕೆ ಗೆರೆ ಎಡಕ್ಕೆ ಸರಿದು ಬೆಲೆ ಏರಿತು. ಸೋಮವಾರಪೇಟೆಯ ಬೆಳೆಗಾರನಿಗೆ? ಅವನ ತೋಟದಲ್ಲಿ ಏನೂ ಬದಲಾಗಿಲ್ಲ, ಬೆಲೆ ಮಾತ್ರ ಬದಲಾಗಿದೆ. ಅವನು ತನ್ನ ಗೆರೆಯ ಮೇಲೆಯೇ ಮೇಲಕ್ಕೆ ಹೋಗುತ್ತಾನೆ. ಹಾಗಂತ ಬೆಲೆ ಬಂತೆಂದು ಅದೇ ವರ್ಷ ಹೆಚ್ಚು ಬೆಳೆಯಲು ಆಗುತ್ತದಾ? ಗಿಡ ನೆಟ್ಟು ಫಸಲು ಬರಲು ಮೂರು, ನಾಲ್ಕು ವರ್ಷ ಬೇಕು. ಅದಕ್ಕೇ ಅಲ್ಪಾವಧಿಯಲ್ಲಿ ಕಾಫಿಯ ಪೂರೈಕೆ ಗೆರೆ ತುಂಬಾ ಕಡಿದು. ಒಂದೇ ಘಟನೆಯಲ್ಲಿ ಮೂರು ಪಾಠ ಇದೆ, ಗ್ರಾಫ್ ಹಾಳೆ ತೆಗೆದು ಎರಡು ಚಿತ್ರ ಬಿಡಿಸಿ.

ಗ್ರಾಫ್ ಬಗ್ಗೆ ಒಂದು ಎಚ್ಚರಿಕೆ. ಗಣಿತದಲ್ಲಿ ಕಾರಣವನ್ನು ಅಡ್ಡ ಅಕ್ಷದಲ್ಲಿ, ಪರಿಣಾಮವನ್ನು ಲಂಬ ಅಕ್ಷದಲ್ಲಿ ಹಾಕಿ ಅಭ್ಯಾಸ. ಅರ್ಥಶಾಸ್ತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿ, ಪ್ರಮಾಣ ಅಡ್ಡ ಅಕ್ಷದಲ್ಲಿ. ಇದು ಹಳೆಯ ರೂಢಿ, ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಿ.

ಮಾರುಕಟ್ಟೆಯ ಬಗೆಗಳ ಪಾಠ ಬಂದಾಗ ಮನೆಯ ಹಿರಿಯರನ್ನು ಕೇಳಿ. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ತೊಂಬತ್ತರ ದಶಕದಲ್ಲಿ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಕೊಳ್ಳುವವರು ಒಬ್ಬರೇ ಇದ್ದಾಗ ಹೇಗಿತ್ತು, ಹಲವರು ಬಂದ ಮೇಲೆ ಏನಾಯಿತು, ಬೆಲೆಯ ಏರಿಳಿತದ ಅಪಾಯ ಯಾರ ಹೆಗಲಿಗೆ ಬಂತು ಎಂಬುದನ್ನು ನೋಡಿದವರು ನಿಮ್ಮ ಮನೆಯಲ್ಲೇ ಇರುತ್ತಾರೆ. ಇಷ್ಟು ಒಳ್ಳೆಯ ಪಾಠ ಬೇರೆಲ್ಲೂ ಸಿಗದು.

6. ಸ್ಥಿತಿಸ್ಥಾಪಕತ್ವ: ಎರಡೂ ವಿಷಯ ಸೇರುವ ಜಾಗ

ಹೆಸರು ದೊಡ್ಡದು, ವಿಷಯ ಚಿಕ್ಕದು. ಬೆಲೆ ಶೇ. 1 ಬದಲಾದರೆ ಬೇಡಿಕೆಯ ಪ್ರಮಾಣ ಶೇ. ಎಷ್ಟು ಬದಲಾಗುತ್ತದೆ? ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಟೊಮೆಟೊ ಕಿಲೋಗೆ 20 ಇದ್ದದ್ದು 25 ಆಯಿತು, ಒಬ್ಬ ವ್ಯಾಪಾರಿಯ ಮಾರಾಟ 100 ಕಿಲೋದಿಂದ 90ಕ್ಕೆ ಇಳಿಯಿತು ಅಂದುಕೊಳ್ಳಿ. ಬೆಲೆ ಶೇ. 25 ಏರಿದೆ, ಪ್ರಮಾಣ ಶೇ. 10 ಇಳಿದಿದೆ. ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.4. ದಿಕ್ಕು ವಿರುದ್ಧ ಆದ್ದರಿಂದ ಮೈನಸ್ 0.4. ಮೈನಸ್ ಬಿಟ್ಟು ನೋಡಿದರೆ ಒಂದಕ್ಕಿಂತ ಕಡಿಮೆ, ಅಂದರೆ ಬೆಲೆ ಏರಿದಷ್ಟು ಜನ ಬಿಡಲಿಲ್ಲ. ಸಾರಿಗೆ ಟೊಮೆಟೊ ಬೇಕಲ್ಲ.

ಈಗ ಅದೇ ಲೆಕ್ಕ ಹಿಂದಕ್ಕೆ ಮಾಡಿ, 25ರಿಂದ 20ಕ್ಕೆ. ಬೆಲೆ ಶೇ. 20 ಇಳಿಯಿತು, ಪ್ರಮಾಣ ಸುಮಾರು ಶೇ. 11.1 ಏರಿತು, ಉತ್ತರ 0.56! ಸಂತೆ ಅದೇ, ಸಂಖ್ಯೆ ಅದೇ, ಉತ್ತರ ಬೇರೆ. ಎರಡನೇ ಹಂತದಲ್ಲಿ ಹೇಳಿದ "ಯಾವುದರ ಶೇಕಡಾ" ಇಲ್ಲಿ ಮತ್ತೆ ಬಂತು. ಅದಕ್ಕೆ ಮಧ್ಯಬಿಂದು ವಿಧಾನ ಬಳಸುತ್ತಾರೆ. ಬೆಲೆಯ ಬದಲಾವಣೆ 5ನ್ನು ಎರಡು ಬೆಲೆಗಳ ಸರಾಸರಿ 22.5ರಿಂದ, ಪ್ರಮಾಣದ ಬದಲಾವಣೆ 10ನ್ನು ಸರಾಸರಿ 95ರಿಂದ ಭಾಗಿಸಿ. ಯಾವ ದಿಕ್ಕಿನಿಂದ ಮಾಡಿದರೂ ಸುಮಾರು 0.47. ಪರೀಕ್ಷೆಯಲ್ಲಿ ಯಾವ ವಿಧಾನ ಕೇಳಿದ್ದಾರೆ ಎಂದು ನೋಡಿ, ಬಳಸಿದ ವಿಧಾನದ ಹೆಸರು ಬರೆದೇ ಲೆಕ್ಕ ಶುರು ಮಾಡಿ.

7. ಮಾದರಿ ಮತ್ತು ಸಹಸಂಬಂಧ

ರೊಬಸ್ಟಾ ಕಾಫಿಯ ಚೆರ್ರಿ (ಒಣಗಿಸಿದ ಹಣ್ಣು) ಮಾರಲು ಹೋದವರಿಗೆ ಔಟ್‌ಟರ್ನ್ ಗೊತ್ತಿರುತ್ತದೆ. 50 ಕಿಲೋ ಚೆರ್ರಿಯ ಚೀಲದಿಂದ ಎಷ್ಟು ಕಿಲೋ ಶುದ್ಧ ಬೀಜ ಬರುತ್ತದೆ ಎಂಬ ಲೆಕ್ಕ ಅದು. ಎಲ್ಲ ಚೀಲವನ್ನೂ ಬಿಡಿಸಿ ನೋಡುವುದಿಲ್ಲ, ಸ್ವಲ್ಪ ಸ್ಯಾಂಪಲ್ ತೆಗೆದು ನೋಡುತ್ತಾರೆ. ಮೇಲಿನ ಒಂದೇ ಚೀಲದಿಂದ ತೆಗೆದರೆ ಸಾಕಾ? ಬೇರೆ ಬೇರೆ ಚೀಲದಿಂದ, ಮೇಲಿಂದ, ಕೆಳಗಿಂದ ತೆಗೆದರೇ ನ್ಯಾಯ. ಮಾದರಿಯ ಪಾಠ ಪೂರ್ತಿ ಇದೇ. ಎಷ್ಟು ದೊಡ್ಡ ಮಾದರಿ ಎನ್ನುವುದಕ್ಕಿಂತ ಹೇಗೆ ಆರಿಸಿದಿರಿ ಎನ್ನುವುದು ಮುಖ್ಯ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಿದ್ದು ಇದೇ ಬಗೆಯ ಮಾದರಿ ಸಮೀಕ್ಷೆಯಿಂದ. ಅವರು ಹುಟ್ಟಿದ ಜೂನ್ 29 ನಮ್ಮಲ್ಲಿ ಸಂಖ್ಯಾಶಾಸ್ತ್ರ ದಿನ.

ಮಳೆಯಲ್ಲೂ ಇದೇ ಕಥೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಷ್ಟು ಅಂತರ ಎಂದು ನಿಮಗೆ ಗೊತ್ತು. ಎರಡನ್ನೂ ಕೂಡಿಸಿ "ಕೊಡಗಿನ ಸರಾಸರಿ ಮಳೆ" ಎಂದರೆ ಆ ಸಂಖ್ಯೆ ಎರಡೂ ಊರಿಗೆ ಹೊಂದುವುದಿಲ್ಲ.

ಸಹಸಂಬಂಧ ಅಂದರೆ ಎರಡು ವಿಷಯ ಒಟ್ಟಿಗೆ ಏರಿಳಿಯುತ್ತವೆಯೇ ಎಂಬ ಅಳತೆ, ಮೈನಸ್ 1ರಿಂದ 1ರವರೆಗೆ. ನಿಮ್ಮ ಉತ್ತರ 1.3 ಬಂದರೆ ಲೆಕ್ಕ ತಪ್ಪಿದೆ, ಮತ್ತೆ ನೋಡಿ. ಮಳೆಗಾಲದಲ್ಲಿ ಕೊಡೆ ಮಾರಾಟ ಜಾಸ್ತಿ, ಜಿಗಣೆಯೂ ಜಾಸ್ತಿ. ಕೊಡೆಯಿಂದ ಜಿಗಣೆ ಬಂತು ಎಂದು ಯಾರೂ ಹೇಳುವುದಿಲ್ಲ, ಎರಡಕ್ಕೂ ಕಾರಣ ಮಳೆ. ಆದರೆ ಪಠ್ಯದಲ್ಲಿ ಆದಾಯ, ಶಿಕ್ಷಣ, ಬೆಲೆ ಎಂಬ ಹೆಸರು ಬಂದ ಕೂಡಲೇ ಈ ಎಚ್ಚರ ಮರೆತುಹೋಗುತ್ತದೆ.

8. ನಿಮ್ಮದೇ ಅಂಕಿ ಅಂಶ

ಸೆಮಿಸ್ಟರಿನಲ್ಲಿ ಒಂದಾದರೂ ಚಿಕ್ಕ ಲೆಕ್ಕ ಸ್ವಂತವಾಗಿ ಮಾಡಿ. ಶುರುವಿಗೆ, 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519, ವಿಸ್ತೀರ್ಣ 4,102 ಚದರ ಕಿ.ಮೀ. ಭಾಗಿಸಿದರೆ ಚದರ ಕಿಲೋಮೀಟರಿಗೆ ಸುಮಾರು 135 ಜನ. ಆಮೇಲೆ ಹತ್ತು ವಾರ ಸಂತೆಯ ಒಂದು ತರಕಾರಿಯ ಬೆಲೆ ಬರೆದಿಡಿ. ತೋಟವಿರುವ ಮನೆಗಳಲ್ಲಿ ಮಳೆ ಅಳೆದು ಬರೆದಿಟ್ಟ ಪುಸ್ತಕ ಇರುತ್ತದೆ, ಅದನ್ನು ಕೇಳಿ ತಗೊಳ್ಳಿ. ಸರಾಸರಿ, ಮಧ್ಯಾಂಕ, ವಿಚಲನೆ, ಒಂದು ಗ್ರಾಫ್, ಸಾಕು. ಕೆಲವು ದಿನದ ಅಳತೆ ಬಿಟ್ಟುಹೋಗಿದ್ದರೆ ಅಲ್ಲಿ ಸೊನ್ನೆ ಹಾಕಬೇಡಿ. ಮಳೆ ಬಂದಿಲ್ಲ ಎನ್ನುವುದೂ ಅಳೆದಿಲ್ಲ ಎನ್ನುವುದೂ ಬೇರೆ ಬೇರೆ.

9. ವಾರದ ಕ್ರಮ, ಪರೀಕ್ಷೆ

ಸಂಖ್ಯಾಶಾಸ್ತ್ರವನ್ನು ದಿನಾ ಸ್ವಲ್ಪ ಮಾಡಬೇಕು, ಇಂಟರ್ನಲ್ಸ್ ಹಿಂದಿನ ರಾತ್ರಿ ಕೂತರೆ ಆಗುವುದಿಲ್ಲ. ದಿನಕ್ಕೆ ಎರಡು ಲೆಕ್ಕ, ಉತ್ತರ ನೋಡದೆ. ಓದಿ ಅರ್ಥವಾಯಿತು ಎನ್ನುವುದಕ್ಕೂ ಖಾಲಿ ಹಾಳೆಯಲ್ಲಿ ಮಾಡಲು ಬರುತ್ತದೆ ಎನ್ನುವುದಕ್ಕೂ ತುಂಬಾ ದೂರವಿದೆ. ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೇ ತರಗತಿಯ ಅರ್ಥಶಾಸ್ತ್ರದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಬುನಾದಿಗೆ ಅವೇ ಸಾಕು. ಇಂಗ್ಲಿಷ್ ಪಾಠ ಕೇಳಬಲ್ಲವರು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ (SWAYAM) ಪೋರ್ಟಲ್ ನೋಡಬಹುದು. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುವ ಕಡೆ ಇರುವವರು ಪಟ್ಟಣಕ್ಕೆ ಬಂದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಸೂತ್ರ ಬರೆಯಿರಿ, ಪಟ್ಟಿ ಹಾಕಿ, ಹಂತ ತೋರಿಸಿ. ಕೊನೆಯ ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಸಿಗುವ ಸಾಧ್ಯತೆ ಇರುತ್ತದೆ. ಗ್ರಾಫಿನ ಎರಡೂ ಅಕ್ಷಕ್ಕೆ ಹೆಸರು ಹಾಕಿ, ಗೆರೆ ಸರಿದರೆ ಬಾಣದಿಂದ ದಿಕ್ಕು ತೋರಿಸಿ. ಲೆಕ್ಕ ಮುಗಿದ ಮೇಲೆ ಉತ್ತರವನ್ನು ಒಂದು ಸಾಲಿನ ಮಾತಿನಲ್ಲಿ ಬರೆಯಿರಿ, "ಬೆಲೆ ಏರಿದರೂ ಟೊಮೆಟೊ ಬೇಡಿಕೆ ಹೆಚ್ಚು ಇಳಿಯಲಿಲ್ಲ" ಎನ್ನುವ ಹಾಗೆ.

ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡರೆ ಇಪ್ಪತ್ತು ನಿಮಿಷ ನೀವೇ ಪ್ರಯತ್ನಿಸಿ. ಆಮೇಲೆ ಎಲ್ಲಿ ನಿಂತಿತು ಎಂದು ಗೆರೆ ಹಾಕಿ, ಆ ಹಾಳೆಯನ್ನೇ ತಗೊಂಡು ಹೋಗಿ ಸರ್ ಅಥವಾ ಮೇಡಂಗೆ ತೋರಿಸಿ. "ಸರ್, ಏನೂ ಅರ್ಥ ಆಗಿಲ್ಲ" ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. "ಸರ್, ಇಲ್ಲಿ ಐದರಿಂದ ಭಾಗಿಸಬೇಕಾ ನಾಲ್ಕರಿಂದಲಾ?" ಎಂದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.